ಎರಡೂವರೆ ವರ್ಷ ಬಿಲ್ ಹಾಕಿದ ಅಂಗಡಿ, ಈಗ ನಾನೇ ಗಿರಾಕಿ

ಮೊದ್ಲ ಒಂದು ಮಾತು, ನಾ ಬರೀಲಾಕತ್ತಿದ್ದು ಕಲಬುರಗ್ಯಾಗ ನಾ ಕ್ಯಾಶಿಯರ್ ಇದ್ದ ಒಂದು ದೊಡ್ಡ ಸೂಪರ್ ಮಾರ್ಕೆಟ್ ಅಂಗಡಿ ಬಗ್ಗೆ, ಸಿಟಿ ಬಸ್ ಹೋಗಿ ನಿಲ್ಲೋ ಸೂಪರ್ ಮಾರ್ಕೆಟ್ ಬಗ್ಗೆ ಅಲ್ಲ. ಹೊರಗಿನೋರಿಗಿ ಗೊತ್ತಿರಂಗಿಲ್ಲ, ಕಲಬುರಗ್ಯಾಗ ಸೂಪರ್ ಮಾರ್ಕೆಟ್ ಅಂದ್ರ ಒಂದು ಏರಿಯಾದ ಹೆಸರು, ಹಳೇ ಬಜಾರ, ಆಟೋದಂವಗ ಸೂಪರ್ ಮಾರ್ಕೆಟ್ ಅಂದ್ರ ಕಣ್ಣ ಮುಚ್ಚಿ ಅಲ್ಲಿಗೇ ಒಯ್ತಾನ. 2021ರ ಜುಲೈದಾಗ ನಾ ಕೆಲಸಕ್ಕ ಸೇರಿದ ಮೊದಲ್ನೇ ದಿನ ಗಡಬಡ್ಯಾಗ ಬುತ್ತಿ ಮರ್ತು ಬಂದಿದ್ದೆ, ನಮ್ಮವ್ವ ಡಬ್ಬಿ ಹಿಡ್ಕೊಂಡು ಆಟೋ ಹತ್ತಿ ಸೂಪರ್ ಮಾರ್ಕೆಟ್ ಅಂದಾಳ, ಜಿಟಿ ಜಿಟಿ ಮಳ್ಯಾಗ ಆ ಬಜಾರದಾಗ ಇಳದು ನನ್ ಮಗಳು ಇಲ್ಲಿ ಕೆಲಸಕ್ಕ ಹತ್ಯಾಳ ಅಂತ ನಾಲ್ಕೈದು ದುಕಾನ್ ಕೇಳ್ಯಾಳ, ಕಡೀಕ ಒಬ್ಬ ಬಳಿ ಅಂಗಡಿ ಭೈಯಾ ತನ್ನ ಫೋನಿಂದ ನಂಗ ಹಚ್ಚಿ ಕೊಟ್ಟ, ನಾ ದಾರಿ ಹೇಳ್ದೆ, ಇನ್ನೊಂದು ಆಟೋ ಹಿಡ್ದು ಮೂರೂವರಿಗಿ ಬಂದ್ಳು. ಡಬ್ಬ್ಯಾಗ ಎರಡು ಜ್ವಾಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಗೋಡೌನ್ ಮೂಲ್ಯಾಗ ಬಿಸ್ಕಿಟ್ ಬಾಕ್ಸ್ ಮ್ಯಾಲ ಕುಂತು ಉಂಡೆ. ಮುಂಜಾನಿ ಒಂಬತ್ತರಿಂದ ನಾ ಕುಂತಿದ್ದು ಅದೇ ಮೊದಲ್ನೇ ಸಲ.

ಅಂಗಡಿ ಹೆಸರು ಬರ್ಯಂಗಿಲ್ಲ, ನನ್ ಜೋಡಿ ಕೆಲಸ ಮಾಡ್ದೋರು ಇನ್ನೂ ಅಲ್ಲೇ ಇದ್ದಾರ, ಅವ್ರಿಗಿ ತ್ರಾಸ ಆಗೋದು ಬ್ಯಾಡ. ಊರಿನ ಹೊಸ ಬಡಾವಣಿ ಕಡಿ, ಕೆಳಗ ಕಿರಾಣಿ ಕಾಯಿಪಲ್ಯ, ಮ್ಯಾಲ ಬಟ್ಟಿ ಪ್ಲಾಸ್ಟಿಕ್ ಸಾಮಾನು, ಆರು ಬಿಲ್ಲಿಂಗ್ ಕೌಂಟರು. 2023ರ ಡಿಸೆಂಬರ್ ತನಕ ಅಲ್ಲಿ ಕ್ಯಾಶಿಯರ್ ಇದ್ದೆ, ಆಮ್ಯಾಲ ಬ್ಯಾರೆ ಕೆಲಸ ಸಿಕ್ತು, ಆದ್ರ ಮನಿ ಸಾಮಾನು ಇವತ್ತಿಗೂ ಅಲ್ಲಿಂದೇ ತರ್ತೀನಿ, ತಿಂಗಳಿಗಿ ಎರಡು ಸಲ. 5ಕ್ಕ 3 ಸ್ಟಾರ್ ಕೊಡ್ತೀನಿ. ಸಾಮಾನು, ತೂಕ, ಸ್ವಚ್ಛತಾ, ಬಿಲ್ಲು ಇಷ್ಟೇ ನೋಡೋದಾದ್ರ 5ಕ್ಕ 5 ಕೊಡೋ ಅಂಗಡಿ ಅದು. ಎರಡು ಸ್ಟಾರ್ ಯಾಕ ಇಟ್ಕೊಂಡೀನಿ ಅಂದ್ರ ಒಂದೇ ಕಾರಣ, ಅದು ಕೆಳಗ ಬರ್ತದ, ಪೂರಾ ಓದ್ರಿ.

ಮೊದ್ಲ ತೊಗರಿ ಬ್ಯಾಳಿ. ತೊಗರಿ ಕಣಜ ಅನ್ನೋ ಊರಾಗ ಸೂಪರ್ ಮಾರ್ಕೆಟ್‌ಗಿ ಹೋಗಿ ಬ್ಯಾಳಿ ತರೋದಾ ಅಂತ ನಮ್ಮ ಕಾಕಾ ಈಗ್ಲೂ ಕೇಳ್ತಾನ, ಅವನ ಮನಿಗಿ ಹೊಲದಿಂದ ತೊಗರಿ ಬರ್ತದ, ಗಿರಣಿಗಿ ಹಾಕಿಸ್ತಾನ, ನಮ್ಗ ಹೊಲ ಇಲ್ಲ. ಈ ಅಂಗಡ್ಯಾಗ ಬ್ಯಾಳಿ ಎರಡು ಥರ ಅದ, ಒಂದು ದೊಡ್ಡ ಡ್ರಮ್ಮಿನ್ಯಾಗ ಬಿಡಿ, ನೀವೇ ತುಂಬಿಕೊಂಡು ತೂಕ ಮಾಡಿಸೋದು, ಇನ್ನೊಂದು ಪಾಕೀಟು. ಪಾಕೀಟಿನ್ಯಾಗ ತೊಗರಿ ಅಭಿವೃದ್ಧಿ ಮಂಡಳಿದು ಭೀಮಾ ಪಲ್ಸ್ ಕೂಡ ಒಮ್ಮೊಮ್ಮೆ ಸಿಗ್ತದ, ಸಿಕ್ರ ಬಿಡ್ಬ್ಯಾಡ್ರಿ. ನಮ್ಮ ತೊಗರಿಗಿ 2019ರಾಗ ಜಿಐ ಟ್ಯಾಗ್, ಅಂದ್ರ ಇದು ಈ ನೆಲದ್ದೇ ಬೆಳಿ ಅನ್ನೋ ಸರ್ಕಾರಿ ಗುರುತು, ಸಿಕ್ಕದ, ಗುಲ್ಬರ್ಗಾ ತೂರ್ ದಾಲ್ ಅನ್ನೋ ಹೆಸರಿಲೇ, ಸುಣ್ಣಕಲ್ಲಿನ ಮ್ಯಾಲಿನ ಕರಿ ಭೂಮ್ಯಾಗ ಬೆಳದದ್ದಕ್ಕ ಆ ರುಚಿ ವಾಸನಿ ಬರ್ತದ ಅಂತಾರ, ಕುಕ್ಕರ್ ಮುಚ್ಚಳ ತೆಗದ ಕೂಡ್ಲೇ ಗೊತ್ತಾಗ್ತದ.

ಬ್ಯಾಳಿ ನೋಡ್ಲಾಕ ನಂಗ ಕಲಿಸಿದ್ದು ಟ್ರೈನಿಂಗ್ ಕೊಟ್ಟೋರಲ್ಲ, ಒಬ್ಬ ಮುದುಕಿ. 2023ರ ಜನವರಿ, ಹೊಸ ತೊಗರಿ ಬಂದಿತ್ತು, ಆ ವರ್ಷ ನೆಟೆ ರೋಗ ಹತ್ತಿ ಹೊಲಕ್ಕ ಹೊಲ ಒಣಗಿ ನಿಂತಿದ್ವು, ಎಲ್ಲರ ಮನ್ಯಾಗ ಅದೇ ಮಾತು. ಇಳಕಲ್ ಸೀರಿ ಉಟ್ಟು, ಜೇವರ್ಗಿ ಕಡಿ ಹಳ್ಳಿಯಿಂದ ಮಗನ ದವಾಖಾನಿ ಕೆಲಸಕ್ಕ ಬಂದಾಕಿ, ಡ್ರಮ್ಮಿನ ಮುಂದ ನಿಂತು ಬ್ಯಾಳಿ ಕೈಯಾಗ ತಗೊಂಡು ಎರಡು ಬೆರಳಿನ ನಡುವ ತಿಕ್ಕಿದ್ಳು, ಬೆರಳು ಮೂಗಿಗಿ ಹಿಡ್ದು ನೋಡಿದ್ಳು, ಆಮ್ಯಾಲ ಬಾಜೂ ರ‍್ಯಾಕಿನ ಮಿಂಚೋ ಪಾಕೀಟು ಎತ್ತಿ ನನ್ ಕಡಿ ತೋರ್ಸಿ ಇದಕ್ಕ ಎಣ್ಣಿ ಹಚ್ಚ್ಯಾರ ನೋಡವ್ವ, ಇಷ್ಟು ಹೊಳಪು ತೊಗರಿಗಿ ಹುಟ್ಟಿಂದ ಇರಂಗಿಲ್ಲ, ಬ್ಯಾಳಿ ಮಬ್ಬ ಇರ್ಬೇಕು, ಅಂಚಿಗಿ ಅಷ್ಟೀಟು ಸಿಪ್ಪಿ ಉಳದಿರ್ಬೇಕು ಅಂದ್ಳು. ಅರ್ಧ ಕೆಜಿ ಬಿಡಿ ಬ್ಯಾಳಿ ತಗೊಂಡು ನನ್ ಕೌಂಟರಿಗಿ ಬಂದ್ಳು. ಕೆಜಿಗಿ 128 ಇತ್ತು. ಪರದೆ ಮ್ಯಾಲಿನ ರೇಟು ಓದಿ ಹೇಳು ಅಂದ್ಳು, ಹೇಳ್ದೆ. ನಾವು ಮೊನ್ನೆ ಗಂಜ್ ಬಜಾರದಾಗ ಏಳು ಸಾವಿರಕ್ಕ ಕ್ವಿಂಟಲ್ ತೊಗರಿ ಕೊಟ್ಟು ಬಂದೀವಿ, ಅಂದ್ರ ಕೆಜಿಗಿ ಎಪ್ಪತ್ತು, ನಡುವಿನ ಐವತ್ತೆಂಟು ಯಾರಿಗಿ ಹೋಯ್ತು ತಂಗಿ? ಅಂತ ಕೇಳಿದ್ಳು. ಸಿಟ್ಟಿಲ್ಲ, ಖರೇನೇ ತಿಳ್ಕೊಳ್ಳಾಕ ಕೇಳಿದ್ಳು. ಹಿಂದ ಏಳೆಂಟು ಮಂದಿ ಲೈನಿನ್ಯಾಗ ನಿಂತಿದ್ರು, ನಂಗ ಉತ್ತರ ಗೊತ್ತಿರ್ಲಿಲ್ಲ, ಗೊತ್ತಿಲ್ಲಜ್ಜಿ ಅಂದೆ. ಆಕಿ ಸೆರಗಿನ ಗಂಟು ಬಿಚ್ಚಿ 64 ರೂಪಾಯಿ ಎಣಿಸಿ ಕೊಟ್ಟು ಹೋದ್ಳು.

ಅವತ್ತು ರಾತ್ರಿ ನಿದ್ದಿ ಬರ್ಲಿಲ್ಲ. ನಮ್ಮ ಅಪ್ಪನ ಗೆಳೆಯರೊಬ್ರು ನೆಹರು ಗಂಜಿನ್ಯಾಗ ದಲಾಲಿ ಅಂಗಡ್ಯಾಗ ಲೆಕ್ಕ ಬರೀತಾರ, ಅವ್ರ ಬಲ್ಲಿ ಹೋಗಿ ಕೇಳ್ದೆ. ಅವ್ರು ಕಾಗದ ಮ್ಯಾಲ ಬರ್ದು ತೋರ್ಸಿದ್ರು, ನೂರು ಕೆಜಿ ತೊಗರಿ ಒಡದ್ರ ಬ್ಯಾಳಿ ಬರೋದು ಎಪ್ಪತ್ತು, ಭಾಳ ಅಂದ್ರ ಎಪ್ಪತ್ತೈದು ಕೆಜಿ, ಉಳದಿದ್ದು ಹೊಟ್ಟು, ನುಚ್ಚು, ಅದು ದನಕ್ಕ ಹೋಗ್ತದ, ಅಂದ್ರ ಏಳು ಸಾವಿರದ ತೊಗರಿ ಬ್ಯಾಳಿ ಆಗೋ ಹೊತ್ತಿಗಿ ಕೆಜಿಗಿ ನೂರರ ಹತ್ರ ಬಂದು ಕುಂತಿರ್ತದ, ಅದರ ಮ್ಯಾಲ ಹಮಾಲಿ, ಮಿಲ್ಲಿನ ಖರ್ಚು, ಗಾಡಿ ಬಾಡಿಗಿ, ಮಿಲ್ಲಿನೋರ ಲಾಭ, ಅಂಗಡಿ ಲಾಭ. ಆ ವರ್ಷ ಸರ್ಕಾರದ ಬೆಂಬಲ ಬೆಲಿ ಇದ್ದದ್ದು ಕ್ವಿಂಟಲ್‌ಗಿ 6,600. ಲೆಕ್ಕ ಕೂಡ್ತು, ಆದ್ರ ನೆಟೆ ಹೊಡದ ಹೊಲದಾಗ ಎಕರೆಕ್ಕ ಎಷ್ಟು ಚೀಲ ಬಂದಿತ್ತು ಅಂತ ನಾ ಆಕಿಗಿ ಕೇಳಿದ್ದಿಲ್ಲ. ಆ ಅಜ್ಜಿ ಮತ್ತ ಬರ್ಲಿಲ್ಲ. ಬಂದಿದ್ರ ಈ ಲೆಕ್ಕ ಆಕಿಗಿ ಕುಂತು ಹೇಳ್ತಿದ್ದೆ. ಅವತ್ತಿಂದ ನಾ ಬ್ಯಾಳಿ ಬೆರಳಿನ್ಯಾಗ ತಿಕ್ಕಿ ನೋಡ್ದೇ ತಗೊಂಡಿಲ್ಲ.

ಬಿಡಿ ಸಾಮಾನು ತಗೊಳ್ರಿ ಅನ್ಲಾಕ ಇನ್ನೊಂದು ಕಾರಣ ಅದ. 2022ರ ಜುಲೈ 18, ಸೋಮವಾರ, ನಂಗ ಆ ದಿನ ಚಲೋ ನೆಪ್ಪದ, ಅವತ್ತಿಂದ ಪಾಕೀಟ್ ಮಾಡಿ ಲೇಬಲ್ ಹಚ್ಚಿದ 25 ಕೆಜಿ ತನಕದ ಅಕ್ಕಿ, ಬ್ಯಾಳಿ, ಹಿಟ್ಟು, ಮೊಸರಿಗೆಲ್ಲ 5 ಪರ್ಸೆಂಟ್ ಜಿಎಸ್‌ಟಿ ಬಂತು, ಅದಕ್ಕಿಂತ ಮೊದ್ಲ ಅಕ್ಕಿ, ಬ್ಯಾಳಿ, ಹಿಟ್ಟಿನ್ಯಾಗ ರಿಜಿಸ್ಟರ್ ಆದ ಬ್ರ್ಯಾಂಡಿಗಷ್ಟೇ ಇತ್ತು. ಗಿರಾಕಿಗೋಳು ಸಿಟ್ಟು ಎಲ್ಲಾ ನಮ್ ಮ್ಯಾಲೇ ಕಾರಿದ್ರು, ನಿನ್ನೆ ಒಂದು ರೇಟು ಇವತ್ತೊಂದು ರೇಟು, ಲೂಟಿ ಹಚ್ಚೀರೇನು ಅಂತ. ನಾವೇನ್ ಮಾಡೋದು. ನಿಮ್ಮ ಮುಂದೇ ತೂಕ ಮಾಡಿ ಕೊಟ್ಟ ಬಿಡಿ ಬ್ಯಾಳಿಗಿ ಆ ತೆರಿಗಿ ಇಲ್ಲ, ಈಗ್ಲೂ ಇಲ್ಲ. ಹಂಗೇ 2025ರ ಸೆಪ್ಟೆಂಬರ್ 22ಕ್ಕ ಸಾಬೂನು, ಶಾಂಪೂ, ಪೇಸ್ಟು, ಬಿಸ್ಕಿಟು 18ರಿಂದ 5ಕ್ಕ ಇಳದಾಗ ನಾ ಕೌಂಟರಿನ ಈ ಕಡಿ ನಿಂತಿದ್ದೆ, ಹಳೇ ಸ್ಟಾಕಿಗಿ ಹೊಸ ರೇಟಿನ ಸ್ಟಿಕ್ಕರ್ ಹಚ್ಚಿ ಹಚ್ಚಿ ಹುಡುಗೋರ ಬೆರಳಿಗಿ ಗೋಂದು ಹತ್ತಿ ಕಪ್ಪಾಗಿದ್ವು. ರಾತ್ರೆಲ್ಲ ಹಚ್ಚ್ಯಾರ. ಬಿಲ್ಲಿನ್ಯಾಗ ರೇಟು ಕರೆಕ್ಟ್ ಇಳದಿತ್ತು, ಮನಿಗಿ ಬಂದು ಒಂದೊಂದೇ ಸಾಮಾನು ತಾಳೆ ನೋಡೀನಿ, ಅದಕ್ಕ ಈ ಅಂಗಡಿಗಿ ಶಾಬಾಸ್ ಅಂತೀನಿ.

ತೂಕದ ಲೇಬಲ್ ಬಗ್ಗೆ ಹೇಳ್ತೀನಿ, ಗಿರಾಕಿಗೋಳು ಯಾರೂ ಇದನ್ನ ನೋಡಂಗಿಲ್ಲ. ಕಂಪನಿ ಪಾಕೀಟಿನ ಬಾರ್‌ಕೋಡಿಗಿ 13 ಅಂಕಿ ಇರ್ತಾವ, ನಮ್ಮ ದೇಶದ ಸಂಸ್ಥಿ ಕಡಿಯಿಂದ ನಂಬರ್ ತಗೊಂಡ ಕಂಪನೀದಾದ್ರ ಅದು 890 ಅಂತ ಸುರುವಾಗ್ತದ. ಅಂಗಡ್ಯಾಗ ತೂಕ ಮಾಡಿ ಹಚ್ಚೋ ಚೀಟಿ ಮಾತ್ರ 2ರಿಂದ ಸುರುವಾಗ್ತದ, ಅದು ಆ ಅಂಗಡಿ ಒಳಗಷ್ಟೇ ನಡಿಯೋ ನಂಬರು, ಅದರ ನಡುವ ಸಾಮಾನಿನ ಕೋಡು, ಗ್ರಾಮು ಇಲ್ಲಾ ರೇಟು ಅಡಗಿರ್ತದ, ಕಡೀ ಅಂಕಿ ಹಿಂದಿನ ಹನ್ನೆರಡೂ ಬರೋಬ್ಬರಿ ಅವ ಇಲ್ಲೋ ಅಂತ ಮಷೀನು ಲೆಕ್ಕ ಹಾಕ್ಲಾಕ. ನಾ ಮೊದಲ್ನೇ ವಾರ ಆ ಚೀಟಿ ಸ್ಕ್ಯಾನ್ ಆಗ್ದಿದ್ರ ಕೈಲೇ 13 ಅಂಕಿ ಒತ್ತಬೇಕಾಗ್ತಿತ್ತು, ಒಂದು ತಪ್ಪಿದ್ರೂ ಮಷೀನು ತಗೊಳ್ತಿರ್ಲಿಲ್ಲ, ಬದ್ನಿಕಾಯಿಗಿ ಬೆಂಡಿಕಾಯಿ ರೇಟು ಬೀಳೋದು ತಪ್ತಿತ್ತು. ನೀವು ಮಾಡ್ಬೇಕಾಗಿದ್ದು ಇಷ್ಟೇ, ತೂಕದ ಮಷೀನಿನ ಹುಡುಗ ಚೀಟಿ ಹಚ್ಚಿದ ಕೂಡ್ಲೇ ಅದರ ಮ್ಯಾಲಿನ ಹೆಸರು ಓದ್ರಿ. ಸೋನಾ ಮಸೂರಿ ತಗೊಂಡು ಬಾಸ್ಮತಿ ಅಂತ ಚೀಟಿ ಬಿದ್ದಿದ್ದು ನಾನೇ ಎಷ್ಟೋ ಸಲ ವಾಪಸ್ ಕಳ್ಸೀನಿ, ಹುಡುಗ ಬೇಕಂತ ಮಾಡ್ದದ್ದಲ್ಲ, ಬಟನ್ ಬಾಜೂ ಬಾಜೂ ಅವ.

ರ‍್ಯಾಕಿನ ರೇಟಿಗೂ ಬಿಲ್ಲಿನ ರೇಟಿಗೂ ಫರಕ್ ಬರೋದು ಆಫರ್ ಬದಲಾದ ದಿನ. ಸಿಸ್ಟಮಿನ್ಯಾಗ ರಾತ್ರಿ ಹನ್ನೆರಡಕ್ಕ ಆಫರ್ ಮುಗೀತದ, ಕಾಗದದ ಟ್ಯಾಗು ಮುಂಜಾನಿ ಹನ್ನೊಂದರ ತನಕ ಹಂಗೇ ಉಳೀತದ. ಅಂಥಾ ಹೊತ್ತಿನ್ಯಾಗ ಜಗಳ ತಗೀಬ್ಯಾಡ್ರಿ, ಟ್ಯಾಗಿನ ಫೋಟೋ ತೋರ್ಸಿ ಫ್ಲೋರ್ ಮ್ಯಾನೇಜರ್ ಕರೀರಿ ಅನ್ರಿ, ಕ್ಯಾಶಿಯರ್ ಹುಡುಗಿ ಕೈಯಾಗ ರೇಟ್ ಬದಲ್ ಮಾಡೋ ಪಾಸ್‌ವರ್ಡ್ ಇರಂಗಿಲ್ಲ. ಇಲ್ಲಿ ಮ್ಯಾನೇಜರ್ ಬಂದು ಟ್ಯಾಗಿನ ರೇಟಿಗೇ ಕೊಡ್ತಾರ, ನಾ ಇದ್ದಾಗೂ ಕೊಡ್ತಿದ್ರು ಈಗ್ಲೂ ಕೊಡ್ತಾರ. ಮತ್ತ ಹಾಲು, ಬ್ರೆಡ್ಡು, ಮೊಸರು ಹಿಂದಿನ ಸಾಲಿಂದ ತಗೊಳ್ರಿ, ಜಲ್ದಿ ಡೇಟ್ ಮುಗಿಯೋದನ್ನ ಮುಂದ ಇಡ್ರಿ ಅಂತ ನಮ್ಗ ಕಲಿಸಿರ್ತಾರ, ಎಲ್ಲಾ ಅಂಗಡ್ಯಾಗೂ ಅದೇ ಪದ್ಧತಿ. ಇವತ್ತೇ ತಿನ್ನೋದಿದ್ರ ಮುಂದಿಂದು ತಗೊಳ್ರಿ, ಹಂಗಾದ್ರ ಕೆಡ್ಸಿ ಬಿಸಾಕೋದು ತಪ್ತದ. ನಾ ಹಂಗೇ ಮಾಡ್ತೀನಿ.

ಕಾಯಿಪಲ್ಯಕ್ಕ ಮುಂಜಾನಿ ಹತ್ತರೊಳಗ ಹೋಗ್ರಿ. ಸಂಜಿಗಿ ಹೋದ್ರ ಕೊತ್ತಂಬ್ರಿ, ಮೆಂತೆ ಪಲ್ಯ ಬಾಡಿರ್ತದ. ಜ್ವಾಳದ ಹಿಟ್ಟು ಚಲೋ ಅದ, ಆದ್ರ ಹಿಟ್ಟಿನ ಪಾಕೀಟಿನ ತಾರೀಖು ನೋಡ್ರಿ, ತಿಂಗಳ ಹಿಂದಿನ ಹಿಟ್ಟಿಲೇ ರೊಟ್ಟಿ ಬಡ್ಯಾಕ ಹೋದ್ರ ಅಂಚಿಗಿ ಒಡೀತದ. ಮಹಿಳಾ ಸಂಘದೋರು ಮಾಡೋ ಖಡಕ್ ರೊಟ್ಟಿ ಒಂದು ರ‍್ಯಾಕ್ ತುಂಬ ಇಡ್ತಾರ, ಶನಿವಾರ ಸಂಜಿಗಿ ಖಾಲಿ. ಮ್ಯಾಲಿನ ಫ್ಲೋರಿನ ಬಟ್ಟಿ ಬಗ್ಗೆ ಹೇಳೋದು ಭಾಳ ಇಲ್ಲ, ಮಕ್ಕಳ ಬನಿಯನ್ ಚಲೋ, ಉಳದಿದ್ದು ಕಪಡಾ ಬಜಾರಿಗಿ ಹೋಗ್ರಿ.

ಬ್ಯಾಸಗಿ ಬಗ್ಗೆ ಬರೀಲೇಬೇಕು. ನಮ್ ಕಡಿ ಏಪ್ರಿಲ್ ಮೇ ಅಂದ್ರ 42, 43 ಡಿಗ್ರಿ, ಸರ್ಕಾರಿ ಆಫೀಸು ಮುಂಜಾನಿ ಎಂಟರಿಂದ ಮಧ್ಯಾಹ್ನ ಒಂದೂವರಿ ತನಕ ಅಷ್ಟೇ, ಅದು ಬಿಟ್ಟ ಕೂಡ್ಲೇ ಎರಡು ಗಂಟೆಕ್ಕ ನಮ್ ಅಂಗಡಿ ತುಂಬ್ತಿತ್ತು. ಅರ್ಧ ಮಂದಿ ಸಾಮಾನಿಗಿ, ಅರ್ಧ ಮಂದಿ ಎಸಿಗಿ. ಬಾಜೂ ಬಿಲ್ಡಿಂಗ್ ಕಟ್ಲಾಕತ್ತಿದ್ರು, ಆ ಕೂಲಿ ಮಾಡೋರ ಮಕ್ಕಳು ಮೂರು ಹುಡುಗ್ರು ದಿನಾ ಬಂದು ಬಾಗಿಲ ಹತ್ರ ನಿಲ್ತಿದ್ವು, ಬಾಗಿಲು ತೆಗದಾಗೆಲ್ಲ ತಣ್ಣನ್ನ ಗಾಳಿ ಹೊರಗ ಬರ್ತದಲ್ಲ, ಅದಕ್ಕ ಮುಖ ಒಡ್ಡಿ ಕಣ್ಣ ಮುಚ್ಚಿ ನಿಲ್ತಿದ್ವು. ಸೆಕ್ಯುರಿಟಿ ಕಾಕಾ ಮೊದಲ್ನೇ ದಿನ ಗದರಿಸಿದ. ಎರಡ್ನೇ ದಿನ ತಾನೇ ಬಾಗಿಲಿಗಿ ಒಂದು ಕಾರ್ಡ್‌ಬೋರ್ಡ್ ಮಡಚಿ ಸಿಗಿಸಿಟ್ಟ, ಬೆರಳಷ್ಟು ಸಂದಿ ಉಳೀಲಿ ಅಂತ. ಮೂರ್ನೇ ದಿನ ಮ್ಯಾನೇಜರ್ ಅದನ್ನ ನೋಡಿ ಏನೂ ಅನ್ಲಿಲ್ಲ, ಒಳಗ ಬಾಗಿಲ ಬಾಜೂಕ ನೀರಿನ ಕ್ಯಾನು ಗ್ಲಾಸು ಇಡ್ಸಿದ್ರು, ಹುಡುಗ್ರು ಒಳಗೇ ಬಂದು ನೀರು ಕುಡ್ದು ಹೋಗ್ಲಾಕತ್ತಿದ್ವು. ಆ ಕ್ಯಾನು ಇವತ್ತಿಗೂ ಪ್ರತಿ ಬ್ಯಾಸಗಿ ಅಲ್ಲೇ ಇರ್ತದ, ಹೋದ್ರ ನೋಡ್ರಿ. ಒಂದು ಅಂಗಡಿ ಮ್ಯಾಲ ಮನಸ್ಸು ಕೂಡೋದು ಇಂಥಾದಕ್ಕ, ಆಫರ್‌ಗಲ್ಲ.

ಹಬ್ಬದ ಗದ್ದಲ ಬ್ಯಾರೇನೇ. ರಮಜಾನ್‌ದಾಗ ಸಂಜಿ ಇಫ್ತಾರಿಗಿ ಅರ್ಧ ತಾಸು ಮೊದ್ಲ ಖಜೂರದ ರ‍್ಯಾಕು ಖಾಲಿ, ಶೀರ್ ಖುರ್ಮಾದ ಶ್ಯಾವಿಗಿ ಬಾಕ್ಸಿನಿಂದ ಹೊರಗ ತಗೀಲಾಕ ಹೊತ್ತಿರ್ಲಿಲ್ಲ, ಬಾಕ್ಸಿನಿಂದ್ಲೇ ಒಯ್ತಿದ್ರು. ಎಳ್ಳ ಅಮಾಸಿ ಹಿಂದಿನ ದಿನ ಸಜ್ಜಿ ಹಿಟ್ಟು, ಎಳ್ಳು, ಬೆಲ್ಲ, ಭಜ್ಜಿ ಪಲ್ಯಕ್ಕ ಬೇಕಾದ ಹಸಿ ಕಡ್ಲಿ, ಅವರಿ, ಗಜ್ಜರಿ, ಮೆಂತೆ, ಹುಣಚಿಕಾಯಿ ಎಲ್ಲಾ ಒಂದೇ ಕಡಿ ರಾಶಿ ಹಾಕ್ತಿದ್ರು, ಮರುದಿನ ಹೊಲಕ್ಕ ಹೋಗಿ ಭೂಮಿತಾಯಿಗಿ ಎಡಿ ಅಂತ ಚರಗ ಚಲ್ಲೋರು ರಾತ್ರಿ ಹತ್ತರ ತನಕ ಬರ್ತಿದ್ರು. ನಮ್ಗ ಮಾತ್ರ ಅವತ್ತು ರಜಾ ಇರ್ಲಿಲ್ಲ, ಎರಡು ವರ್ಷ ನಾ ಎಳ್ಳ ಅಮಾಸಿಗಿ ಹೊಲದ ಊಟ ಉಂಡಿಲ್ಲ. ಮೊದಲ್ನೇ ವರ್ಷ ಒಬ್ಬ ಗಿರಾಕಿ ಅಕ್ಕ, ಚಿತ್ತಾಪುರ ಕಡ್ಯಾಕಿ, ಮರುದಿನ ಡಬ್ಬಿ ತುಂಬ ಭಜ್ಜಿ, ಎರಡು ಸಜ್ಜಿ ರೊಟ್ಟಿ, ಒಂದು ಶೇಂಗಾ ಹೋಳಿಗಿ ತಂದು ಕೌಂಟರ್ ಮ್ಯಾಲ ಇಟ್ಟು ನೀವು ಯಾರೂ ಹೊಲಕ್ಕ ಹೋಗಿಲ್ಲಲ್ಲ ಅಂದ್ಳು. ಬೀದರದ ಹುಡುಗಿ ಒಬ್ಬಾಕಿ ನನ್ ಬಾಜೂ ಕೌಂಟರ್‌ದಾಗ ಇದ್ಳು, ಊರು ಬಿಟ್ಟು ಪಿಜ್ಯಾಗ ಇದ್ದಾಕಿ, ಆ ರೊಟ್ಟಿ ಮುರದು ಬಾಯಾಗ ಇಟ್ಟು ಅತ್ತಬಿಟ್ಳು.

ಈಗ ಕ್ಯಾಶಿನ ವಿಷಯ. ದಿನ ಮುಗದ ಮ್ಯಾಲ ಗಲ್ಲಾದಾಗಿನ ರೊಕ್ಕ, ಯುಪಿಐ, ಕಾರ್ಡು ಎಲ್ಲಾ ಸಿಸ್ಟಮಿನ ಲೆಕ್ಕಕ್ಕ ಕೂಡ್ಸಬೇಕು, ಕಡಿಮಿ ಬಿದ್ದದ್ದು ನಮ್ಮ ಪಗಾರದಾಗ ಮುರೀತಿದ್ರು. ಹೆಚ್ಚು ಬಿದ್ರ ಮಾತ್ರ ಅದು ಅಂಗಡೀದು. ಇದು ನ್ಯಾಯ ಅಲ್ಲ ಅಂತ ಆಗ್ಲೂ ಹೇಳೀನಿ, ಈಗ್ಲೂ ಹೇಳ್ತೀನಿ. ಒಂದು ಸಂಜಿ 360 ರೂಪಾಯಿ ಕಡಿಮಿ. ಮೂರು ಸಲ ಎಣಿಸ್ದೆ, ಅಷ್ಟೇ. 360 ಅಂದ್ರ ನನ್ ಒಂದು ದಿನದ ಪಗಾರದ ಹತ್ರ ಹತ್ರ. ಮರುದಿನ ಮುಂಜಾನಿ ಶಟರ್ ಎತ್ತೋ ಹೊತ್ತಿಗಿ ಒಬ್ರು ಆಟೋ ಚಾಚಾ ನಿಂತಿದ್ರು, ಬಿಳಿ ಗಡ್ಡ, ಕೈಯಾಗ ಎರಡು ಇನ್ನೂರರ ನೋಟು. ಬೇಟಿ, ರಾತ್ರಿ ಚಿಲ್ರಿ ಕೊಡೋವಾಗ ಇಪ್ಪತ್ತು ಅಂತ ತಿಳ್ಕೊಂಡು ಇವು ಕೊಟ್ಟೀದಿ, ಮನಿಗಿ ಹೋಗಿ ನೋಡ್ದೆ, ನಿಂಗ ರಾತ್ರಿ ಊಟ ಹೋಗಿರಂಗಿಲ್ಲ ಅಂದ್ರು. ಹೊಸ 20ರ ನೋಟು, 200ರ ನೋಟು ಎರಡೂ ಹಳದಿ ಕಡಿ, ಟ್ಯೂಬ್‌ಲೈಟ್ ಬೆಳಕಿನ್ಯಾಗ ದಣದ ಕಣ್ಣಿಗಿ ಒಂದೇ ಕಾಣ್ತಾವ. ನಾ 40 ರೂಪಾಯಿ ಅವ್ರಿಗಿ ಕೊಟ್ಟೆ, ಅವ್ರು ಚಹಾ ಕುಡಿ ಅಂತ ಅದರಾಗಿಂದೇ ಹತ್ತು ವಾಪಸ್ ಇಟ್ರು, ನಾ ತಗೊಳ್ಲಿಲ್ಲ. ಈಗ್ಲೂ ದರ್ಗಾ ಕಡಿ ಹೋದಾಗ ಸ್ಟ್ಯಾಂಡಿನ್ಯಾಗ ಆ ಚಾಚಾ ಕಾಣ್ತಾರೇನು ಅಂತ ನೋಡ್ತೀನಿ.

ಫೋನ್ ನಂಬರ್ ಕೇಳ್ತಾರ ಅಂತ ಸಿಟ್ಟಾಗೋರಿಗಿ ಒಂದು ಮಾತು. ನಂಬರ್ ಕೇಳ್ರಿ ಅಂತ ನಮ್ಗ ಮ್ಯಾಲಿಂದ ಟಾರ್ಗೆಟ್ ಇರ್ತದ, ಆದ್ರ ನೀವು ಕೊಡ್ಲೇಬೇಕು ಅಂತಿಲ್ಲ, 2023ರ ಮೇದಾಗ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆನೇ ಬಿಲ್ ಹಾಕ್ಲಾಕ ನಂಬರ್ ಕಡ್ಡಾಯ ಮಾಡ್ಬ್ಯಾಡ್ರಿ ಅಂತ ಅಂಗಡಿಗೋಳಿಗಿ ಹೇಳ್ಯದ. ಕೊಡಂಗಿಲ್ಲ ಅಂತ ಸಮಾಧಾನದಿಂದ ಅಂದ್ರ ಸಾಕು, ಇಲ್ಲಿ ಯಾರೂ ಜಬರದಸ್ತಿ ಮಾಡಂಗಿಲ್ಲ.

ನಮ್ಮ ಓಣಿ ಕಿರಾಣಿ ಅಂಗಡಿ ಜೋಡಿ ಇದನ್ನ ಹೋಲಿಸಿ ಯಾವ್ದು ಚಲೋ ಅಂತ ಭಾಳ ಮಂದಿ ಕೇಳ್ತಾರ. ಕಿರಾಣಿ ಅಂಗಡಿ ಅಣ್ಣ ಲಾಕ್‌ಡೌನ್‌ದಾಗ ನಮ್ ಮನಿಗಿ ನಾಲ್ಕು ತಿಂಗಳು ಉದ್ರಿ ಕೊಟ್ಟಾನ, ಆ ಋಣ ತೀರಂಗಿಲ್ಲ, ಸಕ್ಕರಿ, ಚಹಾಪುಡಿ ಇವತ್ತಿಗೂ ಅವನ ಬಲ್ಲೇ. ಸೂಪರ್ ಮಾರ್ಕೆಟ್ಟಿನ ಮಷೀನಿಗಿ ನಿಮ್ಮ ಮನ್ಯಾಗ ರೊಕ್ಕ ಇಲ್ಲ ಅಂತ ತಿಳಿಯಂಗಿಲ್ಲ. ಆದ್ರ ಇನ್ನೊಂದು ಖರೆ ಅದ, ಹಳ್ಳಿಯಿಂದ ಬಂದೋರು, ಕೂಲಿ ಮಾಡೋ ಹೆಣ್ಮಕ್ಕಳು ದೊಡ್ಡ ಅಂಗಡ್ಯಾಗ ಸಾಮಾನು ಕೈಲೇ ಮುಟ್ಟಿ, ತಿರುವಿ, ರೇಟು ಓದಿ, ಬ್ಯಾಡ ಅಂತ ವಾಪಸ್ ಇಟ್ಟು ಹೋಗ್ತಾರಲ್ಲ, ಯಾರೂ ಏನು ಬೇಕು ಜಲ್ದಿ ಹೇಳು ಅಂತ ಅನ್ನಂಗಿಲ್ಲ, ಮುಖ ನೋಡಿ ರೇಟು ಹೇಳಂಗಿಲ್ಲ. ಒಬ್ಬ ಕೂಲಿ ಅಕ್ಕ ಒಂದು ತಾಸು ಬರೇ ಭಾಂಡೆ ರ‍್ಯಾಕ್ ನೋಡಿ, ಒಂದು ಸ್ಟೀಲ್ ಚಮಚ ತಗೊಂಡು, ಅದರ ಬಿಲ್ಲು ಮಡಚಿ ಕುಬಸದಾಗ ಇಟ್ಕೊಂಡು ಹೋದದ್ದು ನಾ ನೋಡೀನಿ. ಎರಡೂ ಅಂಗಡಿ ಇರ್ಬೇಕು.

ಈಗ ಆ ಎರಡು ಸ್ಟಾರು. ಕುರ್ಚಿ.

ಮುಂಜಾನಿ ಒಂಬತ್ತರಿಂದ ರಾತ್ರಿ ಎಂಟರ ತನಕ ಡ್ಯೂಟಿ, ನಡುವ ಊಟಕ್ಕ ಅರ್ಧ ತಾಸು, ಚಹಾಕ್ಕ ಹತ್ತು ನಿಮಿಷ, ಉಳದಿದ್ದೆಲ್ಲಾ ನಿಂತೇ. ಕೌಂಟರ್ ಹಿಂದ ಸ್ಟೂಲ್ ಇಡಂಗಿಲ್ಲ, ಕುಂತ್ರ ಗಿರಾಕಿಗಿ ಮರ್ಯಾದಿ ಕೊಟ್ಟಂಗ ಆಗಂಗಿಲ್ಲ ಅಂತ ರೂಲು. ಗಿರಾಕಿ ಇಲ್ಲದ ಮಧ್ಯಾಹ್ನ ನಾಲ್ಕು ಗಂಟೆಕ್ಕೂ ನಿಂತೇ ಇರ್ಬೇಕು, ಕೌಂಟರಿಗಿ ಆತುಕೊಂಡು ನಿಂತ್ರೂ ಕ್ಯಾಮೆರಾದಾಗ ಕಾಣ್ತದ ಅಂತ ಫೋನ್ ಬರ್ತಿತ್ತು. ಮೂರು ತಿಂಗಳಿನ್ಯಾಗ ನನ್ ಮೀನಗಂಡದ ನರ ಉಬ್ಬಿ ನೀಲಿ ಬಿತ್ತು. ಮುಟ್ಟಾದ ದಿನ ಹ್ಯಾಂಗ ಇರ್ತದ ಅಂತ ಹೆಣ್ಮಕ್ಕಳಿಗಿ ಬಿಡ್ಸಿ ಹೇಳ್ಬೇಕಾಗಿಲ್ಲ. ರಾತ್ರಿ ಮನಿಗಿ ಹೋದ್ರ ಅವ್ವ ಬಿಸಿನೀರಾಗ ಉಪ್ಪು ಹಾಕಿ ಬಕೀಟು ಇಟ್ಟಿರ್ತಿದ್ಳು, ಕಾಲು ಇಟ್ಕೊಂಡು ಅಲ್ಲೇ ಗ್ವಾಡಿಗಿ ಆತು ನಿದ್ದಿ ಹೋಗ್ತಿದ್ದೆ. ಬೀದರದ ಹುಡುಗಿಗಿ ಬಸರಿದ್ದಾಗ ಸೈತ ಐದ್ನೇ ತಿಂಗಳ ತನಕ ನಿಂತೇ ಬಿಲ್ ಹಾಕ್ಸ್ಯಾರ, ಆಕಿ ಕೆಲಸ ಬಿಟ್ಳು. ಆಗ ನಾವು ಐದು ಮಂದಿ ಸಹಿ ಮಾಡಿ ಅರ್ಜಿ ಕೊಟ್ವಿ, ಮ್ಯಾನೇಜರ್ ಒಳ್ಳೇ ಮನುಷ್ಯ, ಮ್ಯಾಲೆ ಕಳ್ಸೀನಿ ಅಂದ್ರು, ಕಳ್ಸಿದ್ದೂ ಖರೆ. ಉತ್ತರ ಬರ್ಲಿಲ್ಲ.

ಇದು ಆಗ್ಲಾರದ ಮಾತೇನಲ್ಲ. ಕೇರಳದಾಗ ಕೋಳಿಕ್ಕೋಡಿನ ಮಿಠಾಯಿ ತೆರುವು ಅನ್ನೋ ಬಜಾರದ ಅಂಗಡಿಗೋಳಾಗ ಕೆಲಸ ಮಾಡೋ ಹೆಣ್ಮಕ್ಕಳು ಕುಂಡ್ರೋ ಹಕ್ಕಿಗಾಗಿ ಹೋರಾಟ ಮಾಡಿ, 2018ರಾಗ ಅಲ್ಲಿನ ಸರ್ಕಾರ ಕಾನೂನೇ ಬದಲ್ ಮಾಡ್ತು. 2021ರಾಗ ತಮಿಳುನಾಡು, ಅಂಗಡಿ ಕೆಲಸದೋರಿಗಿ ಕುಂಡ್ರಲಾಕ ಸೀಟು ಇಡ್ಲೇಬೇಕು ಅಂತ ಕಾಯ್ದೆ ತಂತು. ಅಲ್ಲಿ ಏನ್ ಗಿರಾಕಿ ಬರೋದು ನಿಂತದೇನು? ಕುಂತು ಸ್ಕ್ಯಾನ್ ಮಾಡಿದ್ರ ಬಾರ್‌ಕೋಡು ಓದಂಗಿಲ್ಲೇನು? ಗಿರಾಕಿ ಆದೋರು ಯಾರೂ, ಆಕಿ ಯಾಕ ಕುಂತಾಳ ಅಂತ ಕೇಳೋರಲ್ಲ, ಎರಡೂವರೆ ವರ್ಷದಾಗ ನಂಗ ಒಬ್ರೂ ಹಂಗ ಅಂದಿಲ್ಲ, ಉಲ್ಟಾ ಎಷ್ಟು ಹೊತ್ತಿಂದ ನಿಂತೀದಿ ತಂಗಿ ಅಂತ ಕೇಳ್ದೋರೇ ಭಾಳ.

ಕಳೆದ ಐತ್ವಾರ ಹೋಗಿದ್ದೆ. ಎರಡು ಕೆಜಿ ಬಿಡಿ ಬ್ಯಾಳಿ, ಜ್ವಾಳದ ಹಿಟ್ಟು, ಶೇಂಗಾ, ಸಾಬೂನು, ಮಗಳಿಗಿ ಕ್ರೇಯಾನ್ಸ್. ಆರು ಕೌಂಟರ್‌ದಾಗ ಮೂರೇ ಚಾಲೂ, ಇದೂ ಒಂದು ತ್ರಾಸ, ಐತ್ವಾರಾದ್ರೂ ಐದು ತಗೀರಪ್ಪ. ನಾಲ್ಕನೇ ನಂಬರಿನ್ಯಾಗ ಹೊಸ ಹುಡುಗಿ, ಹತ್ತೊಂಬತ್ತು ಇಪ್ಪತ್ತು ಇರ್ಬೇಕು, ಕೈ ಭಾಳ ಚುರುಕು, ಶೇಂಗಾದ ಚೀಟಿ ಹೆಸರು ತಪ್ಪಿದ್ದನ್ನ ತಾನೇ ನೋಡಿ ವಾಪಸ್ ಕಳ್ಸಿದ್ಳು. ಬಗ್ಗಿ ಪಿಶವಿ ಎತ್ಕೊಳ್ಳೋವಾಗ ಕೌಂಟರ್ ಕೆಳಗ ನೋಡ್ದೆ, ಒಂದು ಕಾಲಿನ ಶೂ ಬಿಚ್ಚಿಟ್ಟು ಬರಿಗಾಲು ತಣ್ಣನ್ನ ಟೈಲ್ಸ್ ಮ್ಯಾಲ ಒತ್ತಿ ಹಿಡದಿದ್ಳು, ಬೆರಳು ಮಡಚೋದು ಬಿಡ್ಸೋದು ಮಾಡ್ಲಾಕತ್ತಿದ್ಳು. ಅದೇ ಜಾಗಾದಾಗ ನಾನೂ ಹಂಗೇ ಮಾಡ್ತಿದ್ದೆ. ಆಕಿಗಿ ಏನೂ ಅನ್ಲಿಲ್ಲ. ಕಸ್ಟಮರ್ ಡೆಸ್ಕಿಗಿ ಹೋಗಿ ಸಲಹೆ ರಿಜಿಸ್ಟರ್ ಕೇಳ್ದೆ, ತಾರೀಖು ಹಾಕಿ ಬಿಲ್ಲಿಂಗ್ ಹುಡುಗ್ಯಾರಿಗಿ ಕುರ್ಚಿ ಕೊಡ್ರಿ ಅಂತ ಬರ್ದೆ, ನನ್ನವೇ ಆರು ಸಲ ಬರ್ದದ್ದು ಹಿಂದಿನ ಹಾಳ್ಯಾಗ ಅವ. ಈ ಸಲ ನಡುವ ಇನ್ನೊಂದು ಇತ್ತು, ನಂದಲ್ಲ, ನೀಲಿ ಪೆನ್ನಿಲೇ, ಅಕ್ಷರ ದಪ್ಪ ದಪ್ಪ, ಆಗಷ್ಟೇ ಬರ್ಯಾಕ ಕಲ್ತೋರ ಕೈ ಇದ್ದಂಗ: ಕುಂಡ್ರಲಾಕ ಏನಾರ ಕೊಡ್ರಿ ಪಾಪ.